ಹ್ಯಾಲೋವೀನ್‌ಗೆ ಮಾಟಗಾತಿಯ ಮುಖ: ನಮ್ಮ ಮೈಬಣ್ಣದ ಮೇಲೆ ಹಸಿರು ಕೂರಿಸುವ ಬಗೆ

ಅಕ್ಟೋಬರ್ ಎರಡನೇ ವಾರ ಬಂತೆಂದರೆ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮಗಳಿಗೆ ಮಾಟಗಾತಿ ವೇಷ ಹಾಕಬೇಕು. ವಿಡಿಯೊದಲ್ಲಿ ತೋರಿಸಿದ ಹಾಗೇ ಹಸಿರು ಹಚ್ಚಿದೆ. ಮುಖ ಹಸಿರಾಗುವ ಬದಲು ಬೂದಿ ಬಳಿದ ಹಾಗಾಯಿತು. ಎಲ್ಲಿ ತಪ್ಪಿದೆ?" ನ್ಯೂಜೆರ್ಸಿಯಿಂದಲೂ ಇದೇ ಪ್ರಶ್ನೆ, ಡಲ್ಲಾಸ್‌ನಿಂದಲೂ ಇದೇ. ಈಚೆಗೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಹ್ಯಾಲೋವೀನ್ ಪಾರ್ಟಿ ಮಾಡುವವರೂ ಇದನ್ನೇ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಬೂದಿಯ ವಿಷಯ. ಆ ವಿಡಿಯೊಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವರ ಮೇಲೆ ಮಾಡಿದವು. ಅವರು ಬಳಸುವ ತಿಳಿ ಹಸಿರಿನಲ್ಲಿ ಬಿಳಿಯ ಪಾಲು ಜಾಸ್ತಿ. ಗೋಧಿ ಬಣ್ಣದ, ಎಣ್ಣೆಗೆಂಪು ಬಣ್ಣದ, ಕಪ್ಪು ಬಣ್ಣದ ಚರ್ಮದ ಮೇಲೆ ಆ ಬಿಳಿ ತೇಲಿ ನಿಲ್ಲುತ್ತದೆ, ಕೆಳಗಿನ ಕಂದು ಅದರೊಳಗಿಂದ ಇಣುಕುತ್ತದೆ. ಎರಡೂ ಸೇರಿದಾಗ ಕಾಣುವುದೇ ಬೂದಿ. ಹಸಿರನ್ನು ಇನ್ನಷ್ಟು ದಪ್ಪಗೆ ಬಳಿದರೆ ಇದು ಸರಿಹೋಗುವುದಿಲ್ಲ. ಹಸಿರನ್ನೇ ಬದಲಾಯಿಸಬೇಕು, ಅದರ ಕೆಳಗೆ ಹಳದಿಯ ತೆಳು ಪದರ ಕೊಡಬೇಕು. ಹೇಗೆಂದು ಮುಂದೆ ಹೇಳುತ್ತೇನೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಈ ಮುಖವನ್ನು ಜನ ನೋಡುವುದು ನಿಮ್ಮ ಕನ್ನಡಿಯ ಮುಂದಿನ ಬಿಳಿ ದೀಪದಲ್ಲಲ್ಲ. ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ, ಮಕ್ಕಳು ವೇಷ ಹಾಕಿ ಮನೆಮನೆಗೆ ಕ್ಯಾಂಡಿ ಕೇಳುತ್ತ ಹೋಗುವಾಗ, ಕತ್ತಲಾದ ಮೇಲೆ, ಯಾರದೋ ಮನೆ ಬಾಗಿಲಿನ ಹಳದಿ ಬಲ್ಬಿನ ಕೆಳಗೆ, ಆರೇಳು ಅಡಿ ದೂರದಿಂದ. ಅಲ್ಲಿಗೆ ಸಣ್ಣ ಕುಸುರಿ ಯಾವುದೂ ತಲುಪುವುದಿಲ್ಲ, ತಲುಪುವುದು ನೆರಳು ಬೆಳಕು ಮಾತ್ರ. ಯಕ್ಷಗಾನದಲ್ಲಿ ಶೂರ್ಪನಖಿಯ ಹೆಣ್ಣುಬಣ್ಣ, ಅಂದರೆ ರಾಕ್ಷಸಿಯ ವೇಷ, ನೋಡಿದವರಿಗೆ ಇದು ಗೊತ್ತಿರುತ್ತದೆ. ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ಹತ್ತಿರದಿಂದ ನೋಡಿದರೆ ಒರಟೆನಿಸುವ ಗೆರೆಗಳು ಬಯಲಿನ ಕೊನೆಯಲ್ಲಿ ಕೂತವರಿಗೆ ಕಣ್ಣಾಗಿ, ಬಾಯಾಗಿ ಕಾಣುತ್ತವೆ. ಮಾಟಗಾತಿಯ ಮುಖಕ್ಕೂ ಅದೇ ಲೆಕ್ಕ.

ಹಸಿರೇ ಆಗಬೇಕೇ?

ಬೇಕೆಂದೇನಿಲ್ಲ. ಮಾಟಗಾತಿ ಎಂದೊಡನೆ ಹಸಿರು ಮುಖ ನೆನಪಾಗುವುದು ಮುಖ್ಯವಾಗಿ 1939ರ ಹಾಲಿವುಡ್ ಚಿತ್ರ 'ದಿ ವಿಝರ್ಡ್ ಆಫ್ ಓಝ್'ನಿಂದ. ಅದರ ಮೂಲ ಕಾದಂಬರಿ ಬಂದದ್ದು 1900ರಲ್ಲಿ. ಅದರಲ್ಲಿ ಮಾಟಗಾತಿಯ ಮೈ ಹಸಿರೆಂದು ಎಲ್ಲೂ ಇಲ್ಲ. ಟೆಕ್ನಿಕಲರ್ ಎಂಬ ಆಗಿನ ವಿಧಾನದಲ್ಲಿ ತೆಗೆದ ಬಣ್ಣದ ಚಿತ್ರದಲ್ಲಿ ಹಸಿರು ಎದ್ದು ಕಂಡಿತು, ಆಮೇಲೆ ಅದೇ ಖಾಯಂ ಆಯಿತು. ಮಗುವಿಗೆ ಹಸಿರು ಬೇಡವೆಂದರೆ ನೇರಳೆ ಹಚ್ಚಿ, ಅಥವಾ ಬೇಸ್ (ಮುಖವಿಡೀ ಹಚ್ಚುವ ಮೊದಲ ಬಣ್ಣ) ಬಿಟ್ಟು ಚರ್ಮದ ಬಣ್ಣದ ಮೇಲೇ ನೆರಳು ಮತ್ತು ಸುಕ್ಕು ಬರೆಯಿರಿ. ನಮ್ಮ ಮೈಬಣ್ಣದ ಮೇಲೆ ಗಾಢ ನೇರಳೆ ಬಲು ಚೆನ್ನಾಗಿ ಕೂರುತ್ತದೆ. ನನ್ನನ್ನು ಕೇಳಿದರೆ ಹಸಿರಿಗಿಂತ ಅದೇ ಚೆಂದ. ಮುಂದಿನ ಹಂತಗಳೆಲ್ಲ ಯಾವ ಬಣ್ಣಕ್ಕಾದರೂ ಹೊಂದುತ್ತವೆ.

ಆ ಚಿತ್ರದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮಾಟಗಾತಿಯ ಪಾತ್ರ ಮಾಡಿದ ಮಾರ್ಗರೆಟ್ ಹ್ಯಾಮಿಲ್ಟನ್ 1938ರ ಡಿಸೆಂಬರ್‌ನಲ್ಲಿ ಚಿತ್ರೀಕರಣದ ವೇಳೆ ಬೆಂಕಿ ತಗುಲಿ ಮುಖ, ಕೈ ಸುಟ್ಟುಕೊಂಡರು. ಅವರ ಹಸಿರು ಬಣ್ಣದಲ್ಲಿ ತಾಮ್ರದ ಅಂಶವಿತ್ತು. ಹಾಗಾಗಿ ಸುಟ್ಟ ಚರ್ಮದ ಮೇಲೆಯೇ ಆಲ್ಕೋಹಾಲ್ ಹಾಕಿ ಅದನ್ನು ಉಜ್ಜಿ ತೆಗೆಯಬೇಕಾಯಿತು. ಮುಖಕ್ಕೆ ಹಚ್ಚುವ ಬಣ್ಣದಲ್ಲಿ ಏನಿದೆ ಎಂದು ಓದದೆ ಕೊಳ್ಳಬೇಡಿ ಎಂದು ನಾನು ಪದೇಪದೇ ಹೇಳುವುದು ಇದಕ್ಕೇ.

ಯಾವ ಬಣ್ಣ ಕೊಳ್ಳಬೇಕು

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ನೀರಿನ ಬಣ್ಣ ಎಂದರೆ ಬಿಲ್ಲೆಯ ಹಾಗೆ ಗಟ್ಟಿಯಾಗಿರುವುದು. ಒದ್ದೆ ಸ್ಪಾಂಜ್‌ನಿಂದ ಉಜ್ಜಿದರೆ ಕರಗಿ ಬರುತ್ತದೆ, ಮುಖದ ಮೇಲೆ ಬೇಗ ಒಣಗುತ್ತದೆ, ಸೋಪಿಗೆ ಹೋಗುತ್ತದೆ. ಸ್ನಾಜಾರೂ, ಮೆಹ್ರಾನ್ ಪ್ಯಾರಡೈಸ್ ಈ ಬಗೆಯವು. ಎರಡನೆಯದು ಗ್ರೀಸ್ ಪೇಂಟ್, ಅಂದರೆ ಎಣ್ಣೆ ಮೇಣ ಸೇರಿದ ಕ್ರೀಮ್ ಬಣ್ಣ. ನೋಡಲು ತುಂಬಿಕೊಂಡು ಕಾಣುತ್ತದೆ, ಬೆವರು ತುಂತುರು ಮಳೆಗೆ ಜಗ್ಗುವುದಿಲ್ಲ. ಆದರೆ ತಾನಾಗಿ ಒಣಗುವುದಿಲ್ಲ; ಪೌಡರ್ ಹಾಕಿ ಕೂರಿಸದಿದ್ದರೆ ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ಬೆನ್ ನೈ, ಕ್ರಯೊಲಾನ್ ಕಂಪನಿಗಳ ಕ್ರೀಮ್ ಬಣ್ಣಗಳನ್ನು ನಾಟಕದವರು ಬಳಸುತ್ತಾರೆ.

ಮಕ್ಕಳಿಗೆ ನೀರಿನ ಬಣ್ಣವೇ ಸರಿ. ನಾನು ಮೊದಲ ವರ್ಷ ಪಾರ್ಟಿ ಕಿಟ್‌ನ ಗ್ರೀಸ್ ಕಡ್ಡಿಯನ್ನು ಮಗಳ ಮುಖಕ್ಕೆ ಹಚ್ಚಿ, ಪೌಡರ್ ಹಾಕದೆ ಕಳಿಸಿದ್ದೆ. ಮೂರನೇ ಮನೆ ದಾಟುವಷ್ಟರಲ್ಲಿ ಕೂದಲೆಲ್ಲ ಕೆನ್ನೆಗಂಟಿ, ಸ್ವೆಟರ್ ಕಾಲರ್ ಪೂರ್ತಿ ಹಸಿರಾಗಿತ್ತು.

ಕೆಲವು ವಸ್ತುಗಳನ್ನು ಮುಖದ ಹತ್ತಿರಕ್ಕೂ ತರಬೇಡಿ:

- ಅಕ್ರಿಲಿಕ್, ಪೋಸ್ಟರ್ ಬಣ್ಣ, ಮಾರ್ಕರ್ ಪೆನ್. 'ನಾನ್ ಟಾಕ್ಸಿಕ್' ಎಂದು ಬರೆದಿದ್ದರೂ ಅದು ಚರ್ಮಕ್ಕೆ ಹಚ್ಚಬಹುದು ಎಂಬ ಮಾತಲ್ಲ. 'ಕಾಸ್ಮೆಟಿಕ್' ಎಂಬ ಪದ ಮತ್ತು ಒಳಗಿರುವ ಪದಾರ್ಥಗಳ ಪಟ್ಟಿ, ಎರಡೂ ಇರಬೇಕು.
- ಹೋಳಿ ಬಣ್ಣ, ಕುಂಕುಮ. ಕಣ್ಣಿಗೆ ಹಾರುತ್ತದೆ, ಉರಿಯುತ್ತದೆ.
- ಅರಿಸಿನ. ಹಳದಿ ಬೇಸ್‌ಗೆ ಆದೀತೆಂದು ಅನೇಕರು ಕೇಳುತ್ತಾರೆ. ಅರಿಸಿನದ ಕಲೆ ದಿನಗಟ್ಟಲೆ ಹೋಗುವುದಿಲ್ಲ. ಜೊತೆಗೆ ಸೋಪು ತಗುಲಿದೊಡನೆ ಕೆಂಪಗಾಗುತ್ತದೆ. ತೊಳೆಯುವಾಗ ಮಗುವಿಗೆ ರಕ್ತ ಬಂತೆಂದು ಗಾಬರಿಯಾಗುವುದು ಬೇರೆ.
- ಊರಿಂದ ತಂದ, ಪದಾರ್ಥಗಳ ಪಟ್ಟಿಯಿಲ್ಲದ ಕಾಡಿಗೆ, ಸುರ್ಮಾ. ಇಂಥವುಗಳಲ್ಲಿ ಕೆಲವಲ್ಲಿ ಸೀಸ ಇರುತ್ತದೆಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ.
- ಯಕ್ಷಗಾನದ ಹಳೆಯ ಬಣ್ಣಗಳಾದ ಅರದಾಳ, ಇಂಗಳೀಕ. ಮೊದಲನೆಯದರಲ್ಲಿ ಆರ್ಸೆನಿಕ್, ಎರಡನೆಯದರಲ್ಲಿ ಪಾದರಸ ಇದೆ. ಮನೆಯಲ್ಲಿ ಅಜ್ಜನ ಕಾಲದ ಡಬ್ಬಿ ಇದ್ದರೆ ಅದು ನೆನಪಿಗಷ್ಟೇ ಇರಲಿ.

ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆಯೂ ಕೇಳುತ್ತೀರಿ. ಅಮೆರಿಕದಲ್ಲಿ 2005ರಿಂದ ಎಲ್ಲ ಕಾಂಟ್ಯಾಕ್ಟ್ ಲೆನ್ಸ್‌ಗಳೂ, ಬರೀ ಅಲಂಕಾರದವೂ ಸಹ, ವೈದ್ಯಕೀಯ ಸಾಧನಗಳ ಲೆಕ್ಕಕ್ಕೆ ಸೇರಿವೆ. ಕಣ್ಣಿನ ಡಾಕ್ಟರ ಚೀಟಿಯಿಲ್ಲದೆ ಮಾರುವುದು ಕಾನೂನಿಗೆ ವಿರುದ್ಧ. ಅಳತೆ ಹೊಂದದ ಲೆನ್ಸ್ ಕರಿಗುಡ್ಡೆಯನ್ನು ಗೀರುತ್ತದೆ, ಸೋಂಕಾಗುತ್ತದೆ, ಕಣ್ಣು ಹೋಗುವಷ್ಟಕ್ಕೂ ಬರಬಹುದು. ಒಂದು ಸಂಜೆಗೆ ಇದು ಬೇಡವೇ ಬೇಡ.

ಬೇಕಾಗುವ ಸಾಮಾನು

ಬಣ್ಣಗಳಲ್ಲಿ ಹಳದಿ, ಗಾಢ ಹಸಿರು, ಕಪ್ಪು, ಗಾಢ ನೇರಳೆ ಇದ್ದರೆ ಸಾಕು. ಹಸಿರು ಆರಿಸುವಾಗ ಪುದೀನ ಚಟ್ನಿಯ ತಿಳಿ ಬಣ್ಣ ಬಿಟ್ಟು ಬಾಳೆ ಎಲೆಯ ಬಣ್ಣಕ್ಕೆ ಹೋಗಿ. ಮಗುವಿಗೊಂದರಂತೆ ಸ್ಪಾಂಜ್, ಎರಡನೇ ನಂಬರಿನ ಮತ್ತು ನಾಲ್ಕನೇ ನಂಬರಿನ ದುಂಡು ಬ್ರಶ್, ಅರ್ಧ ಇಂಚಿನ ಚಪ್ಪಟೆ ಬ್ರಶ್. ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಎರಡು ಲೋಟ ನೀರು (ಒಂದು ಬ್ರಶ್ ತೊಳೆಯಲು, ಒಂದು ಶುದ್ಧವಾಗಿ ಇರಲಿ), ಬಣ್ಣವಿಲ್ಲದ ಸೆಟ್ಟಿಂಗ್ ಪೌಡರ್, ಹೇರ್‌ಬ್ಯಾಂಡ್, ಹಳೆಯ ಟವೆಲ್. ಸೆಟ್ಟಿಂಗ್ ಪೌಡರ್ ಎಂದರೆ ಬಣ್ಣ ಕದಲದಂತೆ ಮೇಲೆ ಹಾಕುವ ನಯವಾದ ಪುಡಿ.

ಎರಡು ದಿನ ಮೊದಲೇ ಪ್ರತಿ ಬಣ್ಣವನ್ನೂ ಮೊಣಕೈ ಒಳಭಾಗದಲ್ಲಿ ಒಂದು ಬೊಟ್ಟಿನಷ್ಟು ಹಚ್ಚಿ ನೋಡಿ. ತುರಿಕೆ, ಕೆಂಪು, ಊತ ಕಂಡರೆ ಆ ಬಣ್ಣ ಬಿಟ್ಟುಬಿಡಿ. 31ರ ಸಂಜೆ ಐದಕ್ಕೆ ಪೊಟ್ಟಣ ಒಡೆದು ನೇರ ಮುಖಕ್ಕೆ ಹಚ್ಚುವುದು ಎಲ್ಲರೂ ಮಾಡುವ ತಪ್ಪು.

ಹಂತ 1: ಮುಖ ಸಿದ್ಧಪಡಿಸುವುದು

ವೇಷದ ಬಟ್ಟೆಯನ್ನು ಮೊದಲೇ ತೊಡಿಸಿ. ತಲೆ ತೂರಿಸಿ ಹಾಕುವ ಅಂಗಿಯನ್ನು ಆಮೇಲೆ ಹಾಕಿದರೆ ಮೂಗು, ಗಲ್ಲದ ಬಣ್ಣವೆಲ್ಲ ಅದಕ್ಕೇ ಹೋಗುತ್ತದೆ. ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿ. ಮುಖ ತೊಳೆದು ಒರೆಸಿ, ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ ಹತ್ತು ನಿಮಿಷ ಬಿಡಿ. ಹಸಿರು ಚರ್ಮಕ್ಕೆ ಕಲೆಹಿಡಿಯುವ ಬಣ್ಣ. ಈ ಪದರವಿದ್ದರೆ ತೊಳೆಯುವಾಗ ಸುಲಭ. ಹುಬ್ಬಿಗೆ, ಹಣೆಯ ಮೇಲಿನ ಕೂದಲಂಚಿಗೆ ಒಂದಿಷ್ಟು ವ್ಯಾಸಲಿನ್ ಸವರಿ.

ಕೊಬ್ಬರಿ ಎಣ್ಣೆ ಹಚ್ಚಬಹುದೇ ಎಂದು ಕರಾವಳಿಯವರು ಕೇಳುತ್ತಾರೆ. ಯಕ್ಷಗಾನದಲ್ಲಿ ಬಣ್ಣವನ್ನೇ ಎಣ್ಣೆಯಲ್ಲಿ ಕಲಸುತ್ತಿದ್ದರು, ಹಾಗಾಗಿ ಅಲ್ಲಿ ಎಣ್ಣೆ ಹೊಂದುತ್ತಿತ್ತು. ನೀರಿನ ಬಣ್ಣಕ್ಕೆ ಕೆಳಗೆ ಎಣ್ಣೆಯಿದ್ದರೆ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ಸರಿದುಹೋಗುತ್ತದೆ.

ಹಂತ 2: ಬೇಸ್

ಬಿಲ್ಲೆಯ ಮೇಲೆ ಎರಡು ಮೂರು ಬಾರಿ ನೀರು ಚಿಮುಕಿಸಿ, ಸ್ಪಾಂಜ್‌ನ ಅಂಚಿನಿಂದ ತಿರುವುತ್ತಾ ಬಣ್ಣ ತೆಗೆಯಿರಿ. ಗಂಧ ತೇಯ್ದಾಗ ಸಾಣೆಕಲ್ಲಿನ ಮೇಲೆ ಬರುವ ಹದ ಇರಬೇಕು. ಸ್ಪಾಂಜ್ ಹಿಂಡಿದರೆ ನೀರು ತೊಟ್ಟಿಕ್ಕುವಂತಿದ್ದರೆ ಮುಖದ ಮೇಲೆ ಗೆರೆಗೆರೆಯಾಗಿ ಇಳಿಯುತ್ತದೆ.

ಮೊದಲು ಹಳದಿ: ಹಣೆಯ ನಡುವೆ, ಮೂಗಿನ ಮೇಲೆ, ಕೆನ್ನೆಯ ಎತ್ತರದಲ್ಲಿ, ಗಲ್ಲದ ಮೇಲೆ, ತೆಳುವಾಗಿ. ಉಜ್ಜಬೇಡಿ, ಸ್ಪಾಂಜನ್ನು ಒತ್ತಿ ಒತ್ತಿ ಹಚ್ಚಿ. ಎರಡು ನಿಮಿಷ ಒಣಗಲಿ. ಅದರ ಮೇಲೆ ಹಸಿರು, ಅದೇ ರೀತಿ ಒತ್ತುತ್ತಾ. ಹಳದಿಯಿರುವ ಕಡೆ ಹಸಿರನ್ನು ತೆಳುವಾಗಿ, ಮುಖದ ಅಂಚಿನ ಕಡೆ ದಟ್ಟವಾಗಿ ಹಚ್ಚಿ. ಆ ಕೆಳಗಿನ ಹಳದಿಯೇ ಹಸಿರನ್ನು ಬೂದಿಯಾಗಲು ಬಿಡದೆ ಜೀವಂತವಾಗಿಡುವುದು. ಕಡಿಮೆಯೆನಿಸಿದರೆ ಪೂರ್ತಿ ಒಣಗಿದ ಮೇಲೆ ಇನ್ನೊಂದು ತೆಳು ಪದರ. ಒಂದೇ ಸಲ ದಪ್ಪಗೆ ಬಳಿದರೆ ನಗುವಾಗ ಬಾಯಿಯ ಪಕ್ಕ ಬಿರುಕು ಬಿಡುತ್ತದೆ.

ಕಿವಿ, ಕಿವಿಯ ಹಿಂದೆ, ದವಡೆಯ ಕೆಳಗೆ, ಅಂಗಿಯ ಕಾಲರ್‌ವರೆಗಿನ ಕತ್ತು ಮರೆಯಬೇಡಿ. ಕತ್ತು ಕಂದಾಗೇ ಉಳಿದರೆ ಮುಖವಾಡ ಕಟ್ಟಿದಂತೆ ಕಾಣುತ್ತದೆ. ಕಣ್ಣಿನ ಸುತ್ತ ಹಚ್ಚಬಹುದೆಂದು ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ ರೆಪ್ಪೆಗೆ ಹಚ್ಚಿ. ಚರ್ಮಕ್ಕೆ ಒಪ್ಪಿಗೆ ಇರುವ ಬಣ್ಣಗಳೆಲ್ಲಕ್ಕೂ ಕಣ್ಣಿನ ಹತ್ತಿರ ಒಪ್ಪಿಗೆ ಇರುವುದಿಲ್ಲ. ಸಣ್ಣ ಮಕ್ಕಳಿಗೆ ಮೂಗಿನ ಹೊಳ್ಳೆಯ ಕೆಳಗೆ ಬಣ್ಣ ತೀರ ತೆಳುವಾಗಿರಲಿ. ಚಳಿಗೆ ಮೂಗು ಸೋರುತ್ತದೆ, ಒಂದು ಸಲ ಒರೆಸಿದರೆ ಕೆನ್ನೆಯವರೆಗೆ ಹರಡುತ್ತದೆ.

ಹಂತ 3: ನೆರಳು

ಮಾಟಗಾತಿ ಮೂಡುವುದು ಇಲ್ಲಿ, ಹೆಚ್ಚು ಸಮಯ ಇಲ್ಲಿಗೇ ಕೊಡಿ. ಇದಕ್ಕೆ ಬರಿ ಕಪ್ಪು ಬಳಸಬೇಡಿ, ಮಸಿ ಮೆತ್ತಿದಂತಾಗುತ್ತದೆ. ಹಸಿರಿಗೆ ಚೂರೇ ಚೂರು ಕಪ್ಪು ಬೆರೆಸಿದ ಬಣ್ಣ, ಅಥವಾ ಗಾಢ ನೇರಳೆ. ಕಂದು ಚರ್ಮದ ಮೇಲೆ ನೇರಳೆಯ ನೆರಳಿಗೆ ಬರುವ ಆಳ ಬೇರೆ ಯಾವುದಕ್ಕೂ ಬರುವುದಿಲ್ಲ.

ಕೆನ್ನೆ ಒಳಗೆ ಎಳೆದುಕೊಳ್ಳಲು ಹೇಳಿ. ಗುಳಿ ಬೀಳುವ ಜಾಗದಲ್ಲಿ ಕಿವಿಯ ಮುಂದಿನಿಂದ ಶುರುಮಾಡಿ ಬಾಯಿಯ ಕಡೆಗೆ ಇಳಿಸಿ, ಕಣ್ಣಿನ ಹೊರತುದಿಯ ನೇರಕ್ಕೆ ನಿಲ್ಲಿಸಿ. ಬಾಯಿಯವರೆಗೆ ಎಳೆದರೆ ಗಡ್ಡದ ಹಾಗೆ ಕಾಣುತ್ತದೆ. ಕಣತಲೆಯ ಗುಳಿಗೆ, ಹುಬ್ಬು ಮತ್ತು ಮೂಗು ಸೇರುವ ಮೂಲೆಗೆ, ಕಣ್ಣ ಕೆಳಗಿನ ಬಾಗಿಗೆ, ಕೆಳತುಟಿಯ ಕೆಳಗಿನ ಹಳ್ಳಕ್ಕೆ ಅದೇ ನೆರಳು. ಪ್ರತಿ ನೆರಳಿಗೂ ಎರಡು ಅಂಚು: ಒಂದು ಚೂಪಾಗಿ ನಿಲ್ಲಬೇಕು, ಇನ್ನೊಂದು ಸ್ವಲ್ಪವೇ ಒದ್ದೆಯಾದ ಸ್ಪಾಂಜ್‌ನಿಂದ ಹಸಿರಿನೊಳಗೆ ಕರಗಬೇಕು.

ಕೊಕ್ಕೆ ಮೂಗಿಗೆ ಮೇಣದ ಮೂಗು ಅಂಟಿಸಲೇಬೇಕೆಂದಿಲ್ಲ. ಮೂಗಿನ ಎರಡೂ ಪಕ್ಕ ನೆರಳು ಕೊಡಿ, ತುದಿಯ ಕೆಳಗೆ ಗಾಢವಾಗಿಸಿ. ಮುಂದಿನ ಹಂತದಲ್ಲಿ ಮೂಗಿನ ನಡುವಿನ ಎಲುಬಿನ ಮೇಲೆ ಬೆಳಕು ಕೊಟ್ಟರೆ ದೂರದಿಂದ ಮೂಗು ಬಾಗಿದಂತೆಯೇ ಕಾಣುತ್ತದೆ.

ಹಂತ 4: ಬೆಳಕು

ಇದನ್ನು ಮೇಕಪ್‌ನವರು ಹೈಲೈಟ್ ಎನ್ನುತ್ತಾರೆ. ಮುಂದಕ್ಕೆ ಚಾಚಿಕೊಂಡಂತೆ ಕಾಣಬೇಕಾದ ಜಾಗಗಳಿಗೆ ತಿಳಿ ಬಣ್ಣ ಕೊಡುವುದು. ಬಿಳಿ ಬೇಡ, ಬೂದಿ ವಾಪಸ್ ಬರುತ್ತದೆ. ಹಳದಿಗೆ ತುಸು ಹಸಿರು ಬೆರೆಸಿ ಕೆನ್ನೆಯೆಲುಬು, ಹುಬ್ಬಿನ ಮೇಲಿನ ಏಣು, ಮೂಗಿನ ಎಲುಬು, ಗಲ್ಲದ ತುದಿ, ಇಷ್ಟಕ್ಕೆ ಮಾತ್ರ ಹಚ್ಚಿ.

ಹಂತ 5: ಸುಕ್ಕು

ಎಲ್ಲೆಂದರಲ್ಲಿ ಗೆರೆ ಎಳೆದರೆ ಅದು ಸುಕ್ಕಾಗುವುದಿಲ್ಲ. ಪ್ರತಿ ಮುಖಕ್ಕೂ ಅದರದೇ ಮಡಿಕೆಗಳಿರುತ್ತವೆ, ಅವನ್ನು ಹುಡುಕಬೇಕು. ಮಗುವಿಗೆ "ಹಾಗಲಕಾಯಿ ತಿಂದ ಹಾಗೆ ಮುಖ ಮಾಡು" ಎನ್ನಿ. ಹಣೆ ಮಡಿಚುತ್ತದೆ, ಮೂಗಿನ ಬುಡದಲ್ಲಿ ಎರಡು ಗೆರೆ ಏಳುತ್ತವೆ, ಮೂಗಿನ ಪಕ್ಕದಿಂದ ಬಾಯಿಯವರೆಗೆ ಒಂದು ಮಡಿಕೆ ಇಳಿಯುತ್ತದೆ. ಮುಖ ಹಾಗೇ ಇರುವಾಗ ಎರಡನೇ ನಂಬರಿನ ಬ್ರಶ್‌ನಿಂದ ಮಡಿಕೆಯ ಒಳಗೆ ಸಣ್ಣ ಗುರುತು ಹಾಕಿ, ಆಮೇಲೆ ಮುಖ ಸಡಿಲ ಬಿಡಲು ಹೇಳಿ ಗೆರೆ ಪೂರ್ತಿ ಮಾಡಿ. ಗೆರೆಗೆ ಬಣ್ಣ ಶಾಯಿಯ ಹಾಗೆ ಹರಿಯುವಂತಿರಲಿ. ಕಪ್ಪು ಗೆರೆಯ ಕೆಳಗೇ ಅಂಟಿಕೊಂಡಂತೆ ಹಳದಿ-ಹಸಿರಿನ ಒಂದು ತೆಳು ಗೆರೆ ಕೊಡಿ. ಈ ಜೋಡಿಯಿದ್ದರೇ ಮಡಿಕೆ ಉಬ್ಬಿ ಕಾಣುವುದು. ಬರಿ ಕಪ್ಪು ಗೆರೆ ಪೆನ್ನಿನಲ್ಲಿ ಗೀಚಿದಂತಿರುತ್ತದೆ.

ಮಕ್ಕಳಿಗೆ ಐದಾರು ಗೆರೆ ಸಾಕು. ಹೆಚ್ಚಾದರೆ ಬೀದಿ ದೀಪದಲ್ಲಿ ಎಲ್ಲ ಕಲಸಿ ಕೊಳೆಯಾದ ಮುಖದಂತೆ ಕಾಣುತ್ತದೆ.

ಹಂತ 6: ಹುಬ್ಬು, ಕಣ್ಣು, ತುಟಿ

ಹುಬ್ಬನ್ನು ಇದ್ದ ಜಾಗಕ್ಕಿಂತ ಮೇಲೆ ಬರೆಯಿರಿ: ಒಳತುದಿ ಮೂಗಿನ ಕಡೆ ತಗ್ಗಿ, ಹೊರತುದಿ ಕಣತಲೆಯ ಕಡೆ ಚಿಮ್ಮಿದಂತೆ. ಸಿಟ್ಟು, ಕುತಂತ್ರ ಎರಡೂ ಈ ಒಂದು ಓರೆಯಲ್ಲಿ ಬಂದುಬಿಡುತ್ತದೆ. ಕಣ್ಣಿನ ಒಳಅಂಚಿಗೆ, ಅಂದರೆ ರೆಪ್ಪೆಕೂದಲಿನ ಒಳಗಿನ ಒದ್ದೆ ಗೆರೆಗೆ, ಫೇಸ್ ಪೇಂಟ್ ಹಚ್ಚಲೇಬೇಡಿ.

ತುಟಿಗೆ ದೊಡ್ಡವರಾದರೆ ಕಪ್ಪು ಅಥವಾ ಮರೂನ್ ಲಿಪ್‌ಸ್ಟಿಕ್. ಮಕ್ಕಳು ಮನೆಮನೆಯಲ್ಲಿ ಸಿಕ್ಕ ಕ್ಯಾಂಡಿ ತಿನ್ನುತ್ತಲೇ ಇರುತ್ತಾರೆ, ಬಣ್ಣವೂ ಜೊತೆಗೇ ಹೊಟ್ಟೆಗೆ ಹೋಗುತ್ತದೆ. ಅವರ ತುಟಿ ಹಾಗೇ ಬಿಡಿ.

ಹಂತ 7: ನರಹುಲಿ, ಜೇಡರ ಬಲೆ (ಬೇಕಿದ್ದರೆ)

ನರಹುಲಿಗೆ ಚೂರು ಹತ್ತಿಯನ್ನು ಉಂಡೆ ಮಾಡಿ ನಕಲಿ ರೆಪ್ಪೆಕೂದಲಿನ ಅಂಟಿನಿಂದ ಅಂಟಿಸಿ, ಮೇಲೆ ಹಸಿರು ಹಚ್ಚಬಹುದು. ಆ ಅಂಟುಗಳಲ್ಲಿ ಹಲವಕ್ಕೆ ಲೇಟೆಕ್ಸ್, ಅಂದರೆ ರಬ್ಬರ್ ಹಾಲು, ಸೇರಿರುತ್ತದೆ. ಬಲೂನ್ ಊದಿದಾಗ ತುಟಿ ತುರಿಸುವ ಮಕ್ಕಳಿಗೆ ಅದು ಬೇಡ. ಅವರಿಗೆ ಬ್ರಶ್‌ನಿಂದಲೇ ಬರೆಯಿರಿ: ಒಂದು ಗಾಢ ಚುಕ್ಕಿ, ಅದರ ಮೇಲ್ಭಾಗದಲ್ಲಿ ಸಾಸಿವೆಯಷ್ಟು ಹಳದಿ, ಕೆಳಗೆ ಒಂದು ಕಪ್ಪು ಬಾಗು.

ಬಲೆಯನ್ನು ಕಣ್ಣಿನ ಹೊರತುದಿಯಿಂದ ಶುರುಮಾಡಿ. ಮೊದಲು ಐದು ಗೆರೆ ಬೀಸಣಿಗೆಯ ಹಾಗೆ, ಆಮೇಲೆ ಅವುಗಳ ನಡುವೆ ತೋರಣದ ಹಾಗೆ ಜೋಲುವ ಬಾಗುಗಳು. ಜೋಲು ಕಣ್ಣಿನ ಕಡೆಗಿರಬೇಕು. ಹೊರಕ್ಕೆ ಬಾಗಿದರೆ ಹೂವಿನ ದಳದಂತೆ ಕಾಣುತ್ತದೆ.

ಹಂತ 8: ಕೂರಿಸುವುದು, ಕತ್ತಲಲ್ಲಿ ನೋಡುವುದು

ಕ್ರೀಮ್ ಬಣ್ಣವಾದರೆ ಪೌಡರನ್ನು ಪಫ್‌ನಿಂದ ಒತ್ತಿ, ಒಂದು ನಿಮಿಷ ಬಿಟ್ಟು, ಮೆತ್ತನೆಯ ಬ್ರಶ್‌ನಿಂದ ಕೊಡವಿ. ನೀರಿನ ಬಣ್ಣಕ್ಕೆ ಮೂಗಿನ ಪಕ್ಕ, ಗಲ್ಲಕ್ಕೆ ತುಸು ಸಾಕು. 'ಎಚ್‌ಡಿ' ಎಂದು ಮಾರುವ ಸಿಲಿಕಾ ಪೌಡರ್ ಹೆಚ್ಚಾದರೆ ಫೋಟೊ ಫ್ಲಾಶ್‌ನಲ್ಲಿ ಬಿಳಿ ಮಚ್ಚೆಯಾಗಿ ಹೊಳೆಯುತ್ತದೆ.

ಈಗ ಮಗುವನ್ನು ಹೊರಬಾಗಿಲಿನ ದೀಪದ ಕೆಳಗೆ ನಿಲ್ಲಿಸಿ, ನೀವು ಎಂಟು ಹೆಜ್ಜೆ ಹಿಂದೆ ಹೋಗಿ ನೋಡಿ. ಟೋಪಿಯನ್ನೂ ಹಾಕಿಸಿ, ಏಕೆಂದರೆ ಅದರ ಅಂಚಿನ ನೆರಳು ಹಣೆಯ ಅರ್ಧ ನುಂಗುತ್ತದೆ. ಕೆನ್ನೆಯ ಗುಳಿ ಕಾಣದಿದ್ದರೆ ನೆರಳು ಇನ್ನೊಂದು ಪದರ ಬೇಕು. ಇದೊಂದನ್ನು ಬಿಡಬೇಡಿ, ಒಳಗಿನ ದೀಪದಲ್ಲಿ ತುಸು ಅತಿಯೆನಿಸಿದ ಮುಖವೇ ಹೊರಗೆ ಸರಿಯಾಗಿರುತ್ತದೆ. ಕಪ್ಪು ಬಟ್ಟೆಯ ಬೆನ್ನಿಗೆ, ಪೊರಕೆಯ ಹಿಡಿಗೆ ಹೊಳೆಯುವ ಟೇಪ್ ಅಂಟಿಸಿ, ಕಾರಿನವರಿಗೆ ಕಾಣಬೇಕು.

ಹತ್ತಾರು ಮಕ್ಕಳಿಗೆ ಹಚ್ಚುವವರಿಗೆ

ಕನ್ನಡ ಕೂಟದಲ್ಲೋ ಅಪಾರ್ಟ್‌ಮೆಂಟ್‌ನಲ್ಲೋ ಸಾಲಾಗಿ ಕೂರಿಸಿ ಹಚ್ಚುವುದಾದರೆ ಒಬ್ಬರ ಸ್ಪಾಂಜ್ ಇನ್ನೊಬ್ಬರಿಗೆ ಬೇಡ. ಗಾಯ, ಕಜ್ಜಿ, ತುಟಿಯ ಹುಣ್ಣು, ಕೆಂಗಣ್ಣು ಇದ್ದ ಮಗುವಿಗೆ ಮುಖದ ಬದಲು ಕೈಗೆ ಜೇಡ ಬರೆದುಕೊಡಿ. ಮೂರು ವರ್ಷದೊಳಗಿನವರಿಗೂ ಹಾಗೆಯೇ. ಬ್ರಶ್ ತೊಳೆಯುವ ನೀರನ್ನು ಆಗಾಗ ಚೆಲ್ಲಿ ಬದಲಾಯಿಸಿ. ಒಂದು ಮಗುವಿಗೆ ಹಸಿರು, ನೆರಳು, ಹುಬ್ಬು, ಒಂದು ನರಹುಲಿ, ಇಷ್ಟು ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಅವರು ಕೂರುವುದೂ ಇಲ್ಲ.

ತೆಗೆಯುವುದು

ಒದ್ದೆ ಟಿಶ್ಯೂನಿಂದ ತಿಕ್ಕಲು ಶುರುಮಾಡಬೇಡಿ. ತಿಕ್ಕಿದಷ್ಟೂ ಹಸಿರು ಚರ್ಮದ ರಂಧ್ರಕ್ಕೆ ಇಳಿಯುತ್ತದೆ. ನೀರಿನ ಬಣ್ಣವಾದರೆ ಅಂಗೈಯಲ್ಲಿ ಬೇಬಿ ಶಾಂಪೂ ನೊರೆ ಮಾಡಿ, ಒಣ ಮುಖದ ಮೇಲೆ ಬೆರಳಿನಿಂದ ಮೆಲ್ಲಗೆ ಸುತ್ತಿಸಿ, ಬಣ್ಣ ಸಡಿಲವಾದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಕ್ರೀಮ್ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಬೇಕಾಗುವುದು ಈಗ: ಸವರಿ, ಎರಡು ನಿಮಿಷ ಬಿಟ್ಟು, ಹತ್ತಿಯಿಂದ ಒರೆಸಿ, ಆಮೇಲೆ ಸೋಪು. ಕಣ್ಣಿನ ಸುತ್ತ ಒಳಗಿನಿಂದ ಹೊರಕ್ಕೆ ಒರೆಸಿ. ಕೂದಲಂಚಿನಲ್ಲಿ, ಕಿವಿಯ ಮಡಿಕೆಯಲ್ಲಿ ಹಸಿರಿನ ಛಾಯೆ ಉಳಿದರೆ ಹಾಗೇ ಬಿಡಿ, ಮಾರನೆಯ ದಿನದ ಸ್ನಾನಕ್ಕೆ ಹೋಗುತ್ತದೆ. ಆ ರಾತ್ರಿ ಮಟ್ಟಿಗೆ ದಿಂಬಿಗೆ ಹಳೆಯ ಕವರ್ ಹಾಕಿ.